ಕರಿ ಚುಕ್ಕೆಗಳ ಹಿಂದೆ ಕುಳಿತ ಮೇಲ್ ಸಾಹೇಬರಿಗೆ

ಸನ್ಮಾನ್ಯ ಮೇಲ್ ಸಾಹೇಬರ ಸನ್ನಿಧಿಗೆ,
ಅಕ್ಕನ ಬಳಗದ ಹಳೆಯ ಕಂಪ್ಯೂಟರಿನ ಒಳಮನೆ, ಮಠದ ಮೂಲೆಕೋಣೆ,
ಕೆಳಗಿನ ಓಣಿ, ಶೇಗಾಂವ, ತಾಲೂಕು ಜತ್ತ.

ವಿಷಯ: ತಾವು ನಮ್ಮ ಪಾಸ್‌ವರ್ಡನ್ನು ಕಾಪಾಡಿದ ರೀತಿ ಹಾಗೂ ಕಾಪಾಡದ ರೀತಿ.

ಮಾನ್ಯರೇ,

ತಾಯಿ ದಾನಮ್ಮನ ಪಾದಕ್ಕೆ ಮೊದಲು ಹಣೆ ಹಚ್ಚಿ, ಆಮೇಲೆ ತಮಗೆ ಶರಣು ಹೇಳಿ, ಕೆಳಗಿನ ಓಣಿಯ ಅಕ್ಕನ ಬಳಗದ ಪರವಾಗಿ ಸಿದ್ದಲಿಂಗವ್ವ ಎಂಬ ನಾನು ಈ ಪತ್ರ ಬರೆಯುತ್ತಿದ್ದೇನೆ. ನಾನು ಊರ ಕನ್ನಡ ಸಾಲಿಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳು. ತಮ್ಮಂಥ ದೊಡ್ಡವರಿಗೆ ಬರೆಯುವಾಗ ಎಲ್ಲಿಯಾದರೂ ಮಾತು ಜಾರಿದ್ದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಬೇಕು. ತಾವು ಏನನ್ನು ಬೇಕಾದರೂ ಹೊಟ್ಟೆಯಲ್ಲಿ ಹಾಕಿಕೊಂಡು ಸುಮ್ಮನಿರಬಲ್ಲಿರಿ ಎಂದೇ ಮೊನ್ನೆ ಮೊನ್ನೆಯವರೆಗೆ ನಾವೆಲ್ಲ ನಂಬಿದ್ದೆವು. ಈ ಪತ್ರದ ಒಂದು ಪ್ರತಿಯನ್ನು ಮಠದ ಬಾಗಿಲಿಗೂ ಅಂಟಿಸಲಾಗಿದೆ. ನಮ್ಮ ವಿಚಾರಗಳನ್ನು ಬಾಗಿಲಿಗೆ ಅಂಟಿಸುವ ರೂಢಿಯನ್ನು ತಾವೇ ಹಾಕಿಕೊಟ್ಟಿರುವುದರಿಂದ ಇದಕ್ಕೆ ತಮ್ಮ ಆಕ್ಷೇಪ ಇರಲಾರದು.

ತಮ್ಮನ್ನು ನಾವು ಯಾಕೆ ಸಾಕಿಕೊಂಡೆವು ಎಂಬುದನ್ನು ಮೊದಲು ಹೇಳುತ್ತೇನೆ, ಓದುವ ನಾಲ್ಕು ಮಂದಿಗೆ ತಿಳಿಯಲಿ. ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರದ ದಾನಮ್ಮನ ದರ್ಶನಕ್ಕೆ ನಡೆದುಕೊಂಡು ಹೋಗುವ ಭಕ್ತರ ತಂಡಗಳು, ನಾವು ದಿಂಡಿ ಎನ್ನುತ್ತೇವೆ, ನಮ್ಮೂರ ಮೇಲೆ ಹಾಯ್ದು ಹೋಗುತ್ತವೆ. ಅವರಿಗೆ ಒಂದು ಹೊತ್ತು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗೋದಿಹುಗ್ಗಿ ಉಣಿಸುವ ಸೇವೆ ನಮ್ಮ ಅತ್ತೆಯಂದಿರ ಕಾಲದಿಂದಲೂ ಕೆಳಗಿನ ಓಣಿಯದು. ಎಷ್ಟು ಮಂದಿ, ಯಾವ ದಿನ ಎಂಬುದು ಮೊದಲೇ ಗೊತ್ತಾದರೆ ಮಾತ್ರ ಹಿಟ್ಟು ಬೀಸಿಸಲಿಕ್ಕೆ, ಹಂಚು ಏರಿಸಲಿಕ್ಕೆ ಆಗುತ್ತದೆ. ದಿಂಡಿಗಳ ಮುಖಂಡರಾದರೋ ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ ಎನ್ನುವವರು. ಅವರ ಕರಪತ್ರಗಳಲ್ಲೆಲ್ಲ ನಮ್ಮ ಬಳಗದ ಮೇಲ್ ವಿಳಾಸವೇ ಅಚ್ಚಾಗಿದೆ. ಆ ಮೇಲ್ ಬಂದು ಇಳಿಯುವ, ಪ್ರೋಗ್ರಾಮ್ ಎಂಬ ಚಾವಡಿಯೇ ತಾವು. ಜತ್ತದ ಒಬ್ಬ ಅಡತಿ ವ್ಯಾಪಾರಿ ತನ್ನ ಹಳೆಯ ಕಂಪ್ಯೂಟರನ್ನು ಬಳಗಕ್ಕೆ ಕೊಟ್ಟಾಗ, ಆಗಿನ್ನೂ ಮದುವೆಯಾಗದೆ ಜತ್ತಕ್ಕೆ ಕಂಪ್ಯೂಟರ್ ಕಲಿಯಲು ಹೋಗುತ್ತಿದ್ದ ನನ್ನ ತಮ್ಮನ ಮಗಳು ಉಮಾಶ್ರೀಯೇ ತಮ್ಮನ್ನು ಅದರೊಳಗೆ ಪ್ರತಿಷ್ಠಾಪಿಸಿದಳು.

ಹೋದ ವರ್ಷ ಕಂಪ್ಯೂಟರ್ ಕಾವು ಏರಿ ಮಲಗಿಬಿಟ್ಟಿತು. ಅದು ರಿಪೇರಿಯಾಗಿ ಬರುವಷ್ಟರಲ್ಲಿ ಒಂದು ದಿಂಡಿಯವರ ಮೇಲ್ ಬಂದು ತಮ್ಮಲ್ಲಿಯೇ ಕುಳಿತಿತ್ತು. ಓಣಿಗೆ ಓಣಿಯೇ ಬೀಗರ ಮದುವೆಗೆ ಹೋಗಿದ್ದ ದಿನ ಅವರು ಬಂದರು. ಕದ ಹಾಕಿದ ಮನೆಗಳ ಕಟ್ಟೆಯ ಮೇಲೆ ಕುಳಿತು, ನೀರು ಕುಡಿದು, ಯಾರಿಗೂ ಒಂದು ಮಾತು ಅನ್ನದೆ ಎದ್ದು ನಡೆದರಂತೆ. ಬಯ್ದು ಹೋಗಿದ್ದರೆ ಚಲೋ ಇತ್ತು. ಸುಮ್ಮನೆ ಹೋದದ್ದಕ್ಕೆ ನನಗೆ ಇಂದಿಗೂ ಆ ಕಟ್ಟೆಯ ಮೇಲೆ ಕುಳಿತು ಊಟ ಇಳಿಯುವುದಿಲ್ಲ. ಊರ ಹಿರಿಯರಾದ ಅಪ್ಪಾಸಾಹೇಬರು ನಮ್ಮನ್ನೆಲ್ಲ ಕರೆಸಿ, “ತಂಗೀ, ಬರೂ ವರ್ಷಾನೂ ಹಿಂಗಾತಂದ್ರ ಸೇವಾ ಮ್ಯಾಲಿನ ಓಣಿಗೆ. ಮತ್ತ ನನ್ನ ಮುಂದ ಅಳಬ್ಯಾಡ್ರಿ” ಎಂದರು. ಮೇಲಿನ ಓಣಿಯ ಹೆಂಗಸರ ಮುಖ್ಯಸ್ಥೆ ದಾಕ್ಷಾಯಣಿಬಾಯಿ ಅಲ್ಲಿಯೇ ಕುಳಿತಿದ್ದರು. ಅವರು ನಕ್ಕರು ಎಂದು ನಾನು ಹೇಳುವುದಿಲ್ಲ. ಸೆರಗು ಬಾಯಿಯ ಮೇಲಿತ್ತು.

ದಾಕ್ಷಾಯಣಿಬಾಯಿಯವರ ಪರಿಚಯವನ್ನೂ ಇಲ್ಲಿ ಮಾಡಿಕೊಡಬೇಕು. ಜತ್ತದ ಒಂದು ಪತಸಂಸ್ಥೆಯಲ್ಲಿ, ಅಂದರೆ ಸಾಲ ಕೊಡುವ ಸಹಕಾರಿ ಸಂಘದಲ್ಲಿ, ಕಾರಕೂನಿಕೆ ಮಾಡುತ್ತಾರೆ. ಉಳಿದ ಹೊತ್ತಿನಲ್ಲಿ ಹೆಣ್ಣು ಗಂಡು ಹೊಂದಿಸುತ್ತಾರೆ. ಈ ಭಾಗದ ಅರ್ಧ ಸಂಸಾರಗಳು ತನ್ನ ಬಾಯಿಂದಲೇ ಕೂಡಿದವು ಎಂದು ಅವರ ಲೆಕ್ಕ. ನಮ್ಮ ಉಮಾಶ್ರೀಗೂ ಅವರೇ ವರನನ್ನು ತೋರಿಸಿ, ಮದುವೆ ಮಾಡಿಸಿ, ಅದರ ಮರ್ಯಾದೆಗೆಂದು ನನ್ನ ತಮ್ಮ ಶಿದ್ರಾಯನಿಂದ ಇಳಕಲ್ ಸೀರೆ ಉಡುಗೊರೆ ಪಡೆದವರು. ಆ ಸೀರೆಯನ್ನು ನಮ್ಮ ಓಣಿಯಲ್ಲಿ ಹಾಯುವಾಗಲೆಲ್ಲ ಉಟ್ಟುಕೊಂಡೇ ಹಾಯುತ್ತಾರೆ.

ಈ ವರ್ಷ ಶ್ರಾವಣ ಬರುತ್ತಲೇ ಕಂಪ್ಯೂಟರ್ ಮತ್ತೆ ನರಳತೊಡಗಿತು. ಅದು ಸಾಯುವ ಮೊದಲು ಮೇಲನ್ನು ಫೋನಿಗೆ ಹಾಕಿಕೊಳ್ಳೋಣ, ಆಮೇಲೆ ಯಾವ ಚಿಂತೆಯೂ ಇಲ್ಲ ಎಂದು ನನ್ನ ಸೊಸೆ ದೀಪಾಲಿ ಹೇಳಿದಳು. ಫೋನು ಪಾಸ್‌ವರ್ಡ್ ಕೇಳಿತು. ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೆ ತಮಗೆ ಗೊತ್ತಿತ್ತು, ಯಾಕೆಂದರೆ ಇಷ್ಟು ವರ್ಷ ಒಮ್ಮೆಯೂ ಕೇಳದೆ ತಾವೇ ಒಳಗೆ ಹೋಗಿ ಮೇಲ್ ತಂದುಕೊಡುತ್ತಿದ್ದಿರಿ. ಹೀಗಾಗಿ ಕೈಮುಗಿದು ತಮ್ಮ ಬಳಿಗೆ ಬಂದೆವು. ದೀಪಾಲಿ ತಮ್ಮ ಕಿಟಕಿಗಳನ್ನು ಒಂದೊಂದಾಗಿ ತೆಗೆದು ನೋಡಿದಳು. ಪಾಸ್‌ವರ್ಡ್ ಇರಬೇಕಾದ ಜಾಗದಲ್ಲಿ ತಾವು ಕರಿ ಚುಕ್ಕೆಗಳ ಒಂದು ಸಾಲನ್ನು ಇಟ್ಟುಕೊಂಡು ಕುಳಿತಿದ್ದಿರಿ.

ಸಾಹೇಬರೇ, ಆ ಚುಕ್ಕೆಗಳನ್ನು ನೋಡಿ ನನ್ನ ಮೈ ಝುಂ ಎಂದಿತು ಎಂದರೆ ಸುಳ್ಳಲ್ಲ. ಎಂಥ ಒಪ್ಪ, ಎಂಥ ಸಾಲು! ಮುಂಜಾನೆ ಅಂಗಳ ಸಾರಿಸಿ ರಂಗೋಲಿ ಹಾಕುವ ನಮಗೆ ಚುಕ್ಕೆ ಎಂದರೆ ಹೊಸದಲ್ಲ. ಆದರೆ ಚುಕ್ಕೆ ಇಟ್ಟು ಗೆರೆ ಎಳೆಯುವುದನ್ನು ಮರೆತವರನ್ನು ಕಂಡದ್ದು ಇದೇ ಮೊದಲು. ನಾವು ದಡ್ಡರು, ಚುಕ್ಕೆಗಳೇ ಪಾಸ್‌ವರ್ಡ್ ಎಂದು ತಿಳಿದು ಎಣಿಸಿಕೊಂಡು ಫೋನಿನಲ್ಲಿ ಅಷ್ಟೇ ಚುಕ್ಕೆ ಒತ್ತಿದೆವು. ಫೋನು ತಪ್ಪು ಎಂದಿತು. ಚುಕ್ಕೆ ಸಣ್ಣದಾಯಿತೇನೋ ಎಂದು ಮತ್ತೊಮ್ಮೆ ಗಟ್ಟಿಯಾಗಿ ಒತ್ತಿದೆವು. ದೀಪಾಲಿ ಅಡ್ಡ ಬಿದ್ದು ನಕ್ಕಳು. ನಕ್ಕ ಮೇಲೆ, “ಅತ್ತಿ, ಒಳಗ ಅಕ್ಷರ ಅದಾವು, ಮ್ಯಾಲ ಮುಸುಕ ಹಾಕ್ಯಾರ” ಎಂದು ತಿಳಿಸಿಹೇಳಿದಳು. ಅಂದಿನಿಂದ ತಮ್ಮ ಮೇಲಿನ ಗೌರವ ಇಮ್ಮಡಿಯಾಯಿತು. ಇದ್ದದ್ದನ್ನು ಇಟ್ಟುಕೊಂಡು, ಇಟ್ಟುಕೊಂಡದ್ದನ್ನು ತೋರಿಸಿ, ತೋರಿಸಿದ್ದನ್ನು ಕೊಡದೆ ಇರುವುದು ಸಣ್ಣವರಿಂದ ಆಗುವ ಕೆಲಸವೇ?

ಸೊಲ್ಲಾಪುರದ ಕಡೆ ಗಂಡನ ಮನೆಯಲ್ಲಿರುವ ಉಮಾಶ್ರೀಗೆ ಫೋನು ಮಾಡಿದೆವು. “ನೆನಪ ಇಲ್ಲ ಅತ್ತಿ” ಎಂದಳು. ನೆನಪು ಮಾಡಿಕೋ ಎಂದರೆ ಕಿಸಕ್ಕನೆ ನಕ್ಕಳು. ಸಿಟ್ಟು ಮಾಡಿದರೆ ಕುಕ್ಕರ್ ಸೀಟಿ ಹೊಡೆಯಿತೆಂದು ಫೋನು ಇಟ್ಟಳು. ಆ ವಾರ ನಾನು ಯಾವ ಹೊತ್ತಿಗೆ ಮಾಡಿದರೂ ಅವಳ ಕುಕ್ಕರ್ ಸೀಟಿ ಹೊಡೆಯುತ್ತಿತ್ತು.

ಪಾಸ್‌ವರ್ಡ್ ಮರೆತವರಿಗೆ ಒಂದು ಹಿಂಬಾಗಿಲು ಇದೆ, ಅಲ್ಲಿ ತಟ್ಟಿದರೆ ಫೋನಿಗೆ ಅಂಕಿ ಕಳಿಸುತ್ತಾರೆ ಎಂದು ದೀಪಾಲಿ ಕಂಡುಹಿಡಿದಳು. ಅಂಕಿಯೇನೋ ಹೋಯಿತು, ಆದರೆ ಉಮಾಶ್ರೀಯ ಹಳೆಯ ನಂಬರಿಗೆ. ಮದುವೆಯಾದ ಮೇಲೆ ಅವಳು ಅದನ್ನು ಬಿಟ್ಟಿದ್ದಳು. ಈಗ ಅದು ಗಡಿಯಾಚೆ ಕುರಿ ಮೇಯಿಸುತ್ತಿದ್ದ ಬೀರದೇವ ಎಂಬ ಪುಣ್ಯಾತ್ಮನ ಬಳಿ ಇತ್ತು. ಅವನು ಪಾಪ, ಎಲ್ಲ ಕೇಳಿ, “ಅವ್ವಾರ, ಅಂಕಿ ಬಂದಾವ ಖರೆ, ಕಿವಿಗಿ ಹಚ್ಚಿದ ಫೋನ ಕಣ್ಣಿಗಿ ಹ್ಯಾಂಗ ಹಚ್ಚಲಿರಿ?” ಎಂದ. ಇಟ್ಟು ನೋಡಿ ಹೇಳಪ್ಪಾ ಎಂದೆವು. ಇಟ್ಟ, ಕುರಿ ಹೊಲಕ್ಕೆ ನುಗ್ಗಿದವು, ಅವುಗಳ ಬೆನ್ನು ಹತ್ತಿ ತಗ್ಗಿಗೆ ಇಳಿದ, ಅಲ್ಲಿ ರೇಂಜ್ ಇಲ್ಲ. ದಿಬ್ಬ ಹತ್ತಿ ಅವನು ಅಂಕಿ ಹೇಳುವಷ್ಟರಲ್ಲಿ ಅವು ಹಳಸಿದ್ದವು. ಹೀಗೆ ನಾಲ್ಕಾರು ಸಲ ಆದ ಮೇಲೆ ಹಿಂಬಾಗಿಲಿನವರು, ನೀವು ಬಹಳ ತಟ್ಟಿದಿರಿ, ಸದ್ಯಕ್ಕೆ ಇತ್ತ ಬರಬೇಡಿ ಎಂದು ಅಗಳಿ ಹಾಕಿಕೊಂಡರು.

ಉಳಿದದ್ದು ಒಂದೇ ದಾರಿ, ಅದು ನಮ್ಮ ಬಳಗದ ಹಿರಿಯಳು ದುಂಡವ್ವ. ಮೇಲ್ ವಿಳಾಸ ಮಾಡಿದ ದಿನ ಉಮಾಶ್ರೀ, ತನ್ನ ಹೊರತು ಇನ್ನೊಬ್ಬರಿಗೆ ಗೊತ್ತಿರಲಿ ಎಂದು ಪಾಸ್‌ವರ್ಡನ್ನು ದುಂಡವ್ವನ ಕಿವಿಯಲ್ಲಿ ಉಸುರಿ, ಯಾರಿಗೂ ಹೇಳಬೇಡ ಎಂದು ಕೈಮೇಲೆ ಕೈ ಹಾಕಿಸಿಕೊಂಡಿದ್ದಳು. ದುಂಡವ್ವನಿಗೆ ಅದು ನೆನಪಿದೆಯೇ? ನಿನ್ನೆ ಹೇಳಿದಷ್ಟು ಚೊಕ್ಕ ನೆನಪಿದೆ. ಹೇಳುತ್ತಾಳೆಯೇ? ಇಲ್ಲ. “ಕಿವ್ಯಾಗ ಹೇಳಿದ್ದು ಬಾಯಾಗ ಬರಬಾರದು” ಎಂಬ ಒಂದೇ ಮಾತು. ನಮ್ಮಲ್ಲಿ ದೀಕ್ಷೆಯ ಹೊತ್ತಿಗೆ ಗುರುಗಳು ಮಂತ್ರವನ್ನು ಕಿವಿಯಲ್ಲಿಯೇ ಹೇಳುತ್ತಾರೆ, ಅದನ್ನು ಯಾರಿಗೂ ಬಿಟ್ಟುಕೊಡುವ ಹಾಗಿಲ್ಲ. ಪಾಪ, ಮುದುಕಿ ಪಾಸ್‌ವರ್ಡನ್ನೂ ಮಂತ್ರವನ್ನೂ ಒಂದೇ ಗಂಟಿನಲ್ಲಿ ಕಟ್ಟಿಕೊಂಡಿದೆ ಎಂದು ನಾವು ಮರುಗಿದೆವು. ಮುಂಜಾನೆ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕುಳಿತಾಗ ಅವಳ ತುಟಿ ಉಳಿದವರ ತುಟಿಗಿಂತ ತುಸು ಹೆಚ್ಚು ಅಲುಗಾಡುವುದನ್ನು ಗಮನಿಸಿ, ನಾನು ಹೂವು ಕೊಡುವ ನೆವದಲ್ಲಿ ಹತ್ತಿರ ಸರಿದು ಕಿವಿ ಚಾಚಿದೆ. ಕಣ್ಣು ಮುಚ್ಚಿಕೊಂಡೇ ಹೂಬುಟ್ಟಿಯನ್ನು ನನ್ನ ಕಿವಿಗೆ ಅಡ್ಡ ಹಿಡಿದಳು.

ಸೇವೆ ಹೋಗುತ್ತದೆ ದುಂಡವ್ವಾ, ದಾನಮ್ಮ ತಾಯಿಯ ಭಕ್ತರು ಮತ್ತೆ ಹಸಿದು ಹೋದಾರು ಎಂದು ನಾನು ಕಣ್ಣೀರು ತೆಗೆದಾಗ ಮಾತ್ರ ಸ್ವಲ್ಪ ಸಡಿಲಾಗಿ, “ಮಷೀನಿಗೆ ಬೇಕಲ್ಲ? ಅದರ ಕಿವಿ ತೋರಸ್ರಿ, ಅದಕ್ಕಷ್ಟ ಹೇಳತೀನಿ” ಎಂದಳು. ದೀಪಾಲಿ ತಮ್ಮ ಮನೆಯಾದ ಕಂಪ್ಯೂಟರಿನ ಬೆನ್ನಿಗೆ ಎರಡು ತೂತು ತೋರಿಸಿ, ಒಂದು ಕೇಳುವುದು, ಇನ್ನೊಂದು ಮಾತಾಡುವುದು ಎಂದಳು. ದುಂಡವ್ವ ಬಗ್ಗಿ ನೋಡಿ, “ಇದರಾಗ ಜೇಡ ಮನಿ ಮಾಡೇದ. ಇದು ನನಗಿಂತ ಕಿವುಡ” ಎಂದು ಎದ್ದುಹೋದಳು. ಹೀಗೆ ಒಂದೇ ಕೋಣೆಯಲ್ಲಿ, ಒಂದು ಕಡೆ ತಾವು, ಒಂದು ಕಡೆ ದುಂಡವ್ವ, ಇಬ್ಬರಿಗೂ ಗೊತ್ತು, ಇಬ್ಬರೂ ಹೇಳುವುದಿಲ್ಲ. ನಾನು ತಮಗೂ ವಿಭೂತಿ ಹಚ್ಚಿ, ಊದುಬತ್ತಿ ಬೆಳಗಿ, ಇಬ್ಬರೂ ಗುಟ್ಟು ಕಾಯುವುದರಲ್ಲಿ ಒಂದೇ ತೂಕದವರು ಎಂದು ಬಳಗದ ಮುಂದೆ ಹೊಗಳಿದ್ದೆ. ಆ ಮಾತನ್ನು ಈ ಪತ್ರದ ಮೂಲಕ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ.

ಯಾಕೆಂದರೆ ಮರುದಿನ ಮುಂಜಾನೆ ದಾಕ್ಷಾಯಣಿಬಾಯಿ ಬಂದರು, ಅದೇ ಸೀರೆಯಲ್ಲಿ. “ನಾಳಿ ನಮ್ಮ ಓಣಿಗಿ ಬರೂ ಭಾಂಡೆ ಎಷ್ಟದಾವ, ಎಣಿಸಿ ಹೋಗೂಣಂತ ಬಂದೀನವ್ವಾ” ಎಂದು ಸೇವೆಯ ಹಂಡೆಗಳನ್ನು ಬೆರಳಿನಿಂದ ಬಡಿದು ನೋಡಿದರು. ನಾವು ತಮ್ಮ ಮುಂದೆ ಸಪ್ಪೆ ಮುಖ ಹಾಕಿ ಕುಳಿತಿದ್ದೆವು. “ಏನ ಆ ಚುಕ್ಕಿ ನೋಡಕೋತ ಕುಂತೀರಿ? ನಮ್ಮ ಪತಸಂಸ್ಥೇದಾಗೂ ಇದ ಪ್ರೋಗ್ರಾಮ ಅದ. ಸರೀರಿ ಅತ್ತಾಗ” ಎಂದು ಕುರ್ಚಿ ಎಳೆದುಕೊಂಡರು. ಸೆಟ್ಟಿಂಗ್ ಎಂಬ ಬಾಗಿಲು. ಅದರೊಳಗೆ ಭದ್ರತೆ ಎಂಬ ಕೋಣೆ. ಅದರೊಳಗೆ ಉಳಿಸಿಟ್ಟ ಪಾಸ್‌ವರ್ಡುಗಳು ಎಂಬ ಪೆಟ್ಟಿಗೆ. ಅದರ ಕೆಳಗೆ, ‘ತೋರಿಸು’ ಎಂಬ ಗುಂಡಿ. ಹೌದು ಸಾಹೇಬರೇ, ಗುಂಡಿ. ತಾವು ಅವರನ್ನು ಕೇಳಿದ್ದು ಒಂದೇ ಮಾತು: ಖಂಡಿತ ತೋರಿಸಬೇಕೇ? ಬಾಯಿಯವರು ಹೌದು ಎಂದರು. ತಾವು ತೋರಿಸಿದಿರಿ.

“ರವಿಕುಮಾರ” ಎಂದು ದಾಕ್ಷಾಯಣಿಬಾಯಿ ಕೂಡಿಸಿ ಕೂಡಿಸಿ ದೊಡ್ಡ ದನಿಯಲ್ಲಿ ಓದಿದರು. ಮುಂದೆ ಒಂದು ಇಸವಿ. “ಇದ್ಯಾವ ರವಿಕುಮಾರ ನಿಮ್ಮ ಬಳಗದಾಗ?” ನಮ್ಮ ಬಳಗದಲ್ಲಿ ಗಂಡಸರೇ ಇಲ್ಲ. ಆಮೇಲೆ ದೀಪಾಲಿ ಮೆಲ್ಲಗೆ, “ಉಮಿ ಗಂಡನ ಹೆಸರ ಅಲ್ಲ ಅದು?” ಎಂದಳು. ಇಸವಿಯೂ ಅಳಿಯನ ಹುಟ್ಟಿದ ಇಸವಿಯೇ. ದಾಕ್ಷಾಯಣಿಬಾಯಿ, “ಖರೆ, ಗಂಡನ ಹೆಸರ ಇಟ್ಟಾಳ, ಚಲೋ ಹುಡುಗಿ” ಎಂದು ಮೆಚ್ಚಿ ತಲೆಯಾಡಿಸಿದವರು, ತಲೆಯಾಡಿಸುವುದನ್ನು ಅರ್ಧಕ್ಕೆ ನಿಲ್ಲಿಸಿದರು. ಈ ಮೇಲ್ ವಿಳಾಸ ಮಾಡಿದ ಮರುವರ್ಷವಲ್ಲವೇ ಅವರು ಆ ವರನನ್ನು ತೋರಿಸಿದ್ದು? ಆ ರವಿಕುಮಾರ ಜತ್ತದಲ್ಲಿ ಯಾವ ಕಂಪ್ಯೂಟರ್ ಕ್ಲಾಸಿಗೆ ಬರುತ್ತಿದ್ದ ಎಂಬುದು ಅಲ್ಲಿದ್ದ ಎಲ್ಲರಿಗೂ ಒಟ್ಟಿಗೇ ನೆನಪಾಯಿತು.

ಬಾಯಿಯವರು ತಮ್ಮ ಸೀರೆಯ ಸೆರಗನ್ನು ಒಮ್ಮೆ ನೋಡಿದರು, ನಮ್ಮನ್ನು ಒಮ್ಮೆ ನೋಡಿದರು. “ಹಂಗಾರ ಈ ಇಳಕಲ್ ಸೀರಿ ವಾಪಸ ಕೊಡಬೇಕೇನ್ ನಾ?” ಎಂದರು. ಆ ನಗು ಯಾರು ಮೊದಲು ನಕ್ಕರೋ ತಿಳಿಯದು. ಹಂಡೆಗಳು ದಣದಣ ಎಂದವು. ಕಣ್ಣೊರೆಸಿಕೊಂಡು ಎದ್ದ ದಾಕ್ಷಾಯಣಿಬಾಯಿ, ತಾನು ಹೊಂದಿಸುವ ಮೊದಲೇ ಹೊಂದಿಕೊಂಡಿದ್ದ ಜೋಡಿಯ ಸುದ್ದಿಯನ್ನು ದೀಪ ಹಚ್ಚುವ ಹೊತ್ತಿಗೆ ಎರಡೂ ಓಣಿಗಳಿಗೆ ಹಂಚಿ ಬಂದರು. ಮಗಳು ವರನನ್ನು ತಲೆ ಎತ್ತಿಯೂ ನೋಡದೆ ಹೂಂ ಎಂದಳು ಎಂದು ಎಲ್ಲರೆದುರು ಹೆಮ್ಮೆಪಡುತ್ತಿದ್ದ ನನ್ನ ತಮ್ಮ ಶಿದ್ರಾಯ, ಅವಳಿಗೆ ತಲೆ ಎತ್ತುವ ಅಗತ್ಯ ಯಾಕೆ ಬೀಳಲಿಲ್ಲ ಎಂಬುದನ್ನು ಈಗ ವಿಚಾರ ಮಾಡುತ್ತ ಕಟ್ಟೆಯ ಮೇಲೆ ಕುಳಿತಿರುತ್ತಾನೆ. ಉಮಾಶ್ರೀ ಫೋನಿನಲ್ಲಿ ಕುಕ್ಕರ್ ಇಲ್ಲದೆ ಮಾತಾಡಿದಳು: “ನೀ ಕೇಳಿದಾಗ ಹ್ಯಾಂಗ ಹೇಳಲಿ ಅತ್ತಿ? ಗಂಡನ ಹೆಸರು ಅನ್ನೂದು ಒಂದ ನಾಚಿಕಿ, ಗಂಡ ಆಗೂ ಮೊದಲಿಂದು ಅನ್ನೂದು ಇನ್ನೊಂದ.”

ಎಲ್ಲಕ್ಕಿಂತ ಭಾರವಾದದ್ದು ಆಮೇಲೆ ಆಯಿತು. ಸುದ್ದಿ ಹೊರಬಿತ್ತು ಎಂದು ದುಂಡವ್ವನಿಗೆ ಹೆದರಿ ಹೆದರಿ ಹೇಳಿದೆ. ಅವಳು ಸಿಟ್ಟಾಗಲಿಲ್ಲ. “ಮಂತ್ರಾ ಯಾವುದು, ಹುಡುಗನ ಹೆಸರ ಯಾವುದು ಅಂತ ನನಗ ತಿಳೀದಂದ್ರೇನ? ಅಕಿ ಆ ಹೆಸರ ಹೇಳಿ ನಕ್ಕಾಗನ ನನಗ ತಿಳೀತು. ಆಗ ಬಾಯಿ ಬಿಟ್ಟಿದ್ದರ ಶಿದ್ರಾಯ ಅಕಿನ್ನ ಮರದಿನ ಕ್ಲಾಸಿಗೆ ಕಳಸ್ತಿದ್ದನೇನ?” ಎಂದಳು. ಮದುವೆಯಾಗಿ ಇಷ್ಟು ದಿನವಾಯಿತಲ್ಲ, ಈಗ ಹೇಳಬಹುದಿತ್ತಲ್ಲ ಎಂದೆ. “ಕೊಟ್ಟ ಮಾತಿಗೆ ಲಗ್ನ ಆದ ಕೂಡಲೇ ಮುಗೀತು ಅಂತ ಇರತದೇನ್ ತಂಗೀ?” ಎಂದಳು. ಮುಂಜಾನೆ ಪೂಜೆಯಲ್ಲಿ ತುಟಿ ಅಲುಗಿದ್ದೇನು ಎಂದು ಕೇಳಿದರೆ, “ಆ ಇಬ್ಬರನ್ನೂ ಚಲೋ ಇಡು ಅಂತ ತಾಯಿಗೆ ಹೇಳಬೇಕಂದ್ರ ಹೆಸರ ಬೇಕಲ್ಲ” ಎಂದಳು. ಮುದುಕಿಗೆ ತಿಳಿವಳಿಕೆ ಸಾಲದು ಎಂದು ನಾವು ಮರುಗುತ್ತಿದ್ದೆವು. ಅವಳು ನಮ್ಮ ಮರುಕವನ್ನೇ ಒಂದು ಹುಡುಗಿಯ ಮೇಲೆ ಹೊದಿಸಿ ಕುಳಿತಿದ್ದಳು.

ಆದ್ದರಿಂದ ಮಾನ್ಯರೇ, ತಮ್ಮ ಮೇಲಿನ ತಕರಾರು ಇಷ್ಟು. ಮನೆಯ ಹೆಣ್ಣುಮಕ್ಕಳು ಕೈಮುಗಿದು ಕೇಳಿದಾಗ ಚುಕ್ಕೆ ತೋರಿಸಿದಿರಿ, ಹಂಡೆ ಎಣಿಸಲು ಬಂದವರು ಗುಂಡಿ ಒತ್ತಿದಾಗ ಎಲ್ಲ ಬಿಚ್ಚಿಟ್ಟಿರಿ. ಖಂಡಿತವೇ ಎಂದು ಕೇಳಿದಿರಿ, ನೀ ಯಾರ ಮನಿಯಾಕಿ ಎಂದು ಕೇಳಲಿಲ್ಲ. ಆ ಪೆಟ್ಟಿಗೆಗೆ ಇನ್ನೊಂದು ದೊಡ್ಡ ಬೀಗ ಹಾಕಲಿಕ್ಕೆ ಬರುತ್ತಿತ್ತಂತೆ, ಅದೂ ತಮ್ಮಲ್ಲಿಯೇ ಇತ್ತಂತೆ. ಬೀಗವನ್ನು ಪೆಟ್ಟಿಗೆಗಿಂತ ಜೋಪಾನವಾಗಿ ಬಚ್ಚಿಟ್ಟ ತಮ್ಮ ಜಾಣತನಕ್ಕೆ ನಮೋ ನಮಃ. ಇನ್ನು ಮುಂದೆ ಯಾರೇ ‘ತೋರಿಸು’ ಎಂದು ಒತ್ತಿದರೂ ತಾವು ಮೊದಲು ಅವರ ಓಣಿ ಕೇಳಬೇಕು, ಆಮೇಲೆ ಉಟ್ಟ ಸೀರೆಯ ಮೂಲ ಕೇಳಬೇಕು, ಆಮೇಲೆ ಒಂದು ಲೋಟ ಚಹಾ ಕೊಟ್ಟು ಹೊರಗೆ ಕೂಡಿಸಿ ನನ್ನನ್ನು ಕರೆಯಬೇಕು. ಬೀರದೇವನಿಗೆ ಕಳಿಸಿದ ಹಳಸಿದ ಅಂಕಿಗಳನ್ನು ಹಿಂದಕ್ಕೆ ತರಿಸಿಕೊಂಡು, ಅವನ ಕುರಿ ಮೇಯ್ದ ಹೊಲದವರಿಗೆ ತಾವೇ ಹೋಗಿ ಕೈಮುಗಿದು ಬರಬೇಕು. ಹಾಗೂ ಒಂದು ಸೋಮವಾರ ಬಿಡುವು ಮಾಡಿಕೊಂಡು, ನೀರು ತಾಗದಂತೆ ಸ್ನಾನ ಮಾಡಿ, ದುಂಡವ್ವನ ಮುಂದೆ ಚಾಪೆಯ ಮೇಲೆ ಕುಳಿತು, ಗುಟ್ಟು ಕಾಯುವುದು ಹೇಗೆ ಎಂಬುದನ್ನು ಕಲಿತುಕೊಂಡು ಹೋಗಬೇಕು. ಬರುವಾಗ ಕಿವಿಯ ಜೇಡ ತೆಗೆಸಿಕೊಂಡು ಬರಬೇಕು.

ತಮಗೆ ಕಾಳಜಿ ಇಲ್ಲದಿದ್ದರೂ ತಿಳಿಸುತ್ತೇನೆ: ಆ ಹೆಸರಿನಿಂದಲೇ ಫೋನಿನಲ್ಲಿ ಮೇಲ್ ತೆರೆದುಕೊಂಡಿತು. ಹೋದ ವರ್ಷ ಹಸಿದು ಹೋದ ದಿಂಡಿಯವರ ಪತ್ರವೇ ಮೇಲೆ ಇತ್ತು; ಈ ಸಲ ಮಂದಿ ಹೆಚ್ಚು, ನಿಮ್ಮಲ್ಲಿ ಅನುಕೂಲ ಇದ್ದರೆ ಮಾತ್ರ ಬರುತ್ತೇವೆ ಎಂದು ಬರೆದಿದ್ದರು. ಆ ‘ಮಾತ್ರ’ ಎಂಬುದನ್ನು ಓದಿ ನನ್ನ ಕಣ್ಣು ಮಂಜಾಯಿತು. ಬರ್ರಿ, ಒಲೆ ಹಚ್ಚಿಯೇ ಕುಳಿತಿರುತ್ತೇವೆ ಎಂದು ನನ್ನ ಕೈಯಿಂದಲೇ ಉತ್ತರ ಒತ್ತಿದೆ. ಅಪ್ಪಾಸಾಹೇಬರು ಚಷ್ಮಾ ಹಾಕಿಕೊಂಡು ಫೋನು ನೋಡಿ, “ಆತು, ಸೇವಾ ಎಲ್ಲಿತ್ತೋ ಅಲ್ಲೇ ಇರ್ಲಿ” ಎಂದು ಎದ್ದರು. ದಾಕ್ಷಾಯಣಿಬಾಯಿ ನಿನ್ನೆ ತಮ್ಮ ಓಣಿಯ ಹಂಚುಗಳನ್ನು ಹೊರಿಸಿಕೊಂಡು ಬಂದು, ಇಷ್ಟು ಮಂದಿಗೆ ನಿಮ್ಮ ಕೈ ಸಾಲುವುದಿಲ್ಲ ಎಂದು ಬಯ್ದು ಇಟ್ಟು ಹೋದರು. ಹಳೆಯ ಪಾಸ್‌ವರ್ಡ್ ಈಗ ಊರಿನ ಆಸ್ತಿಯಾದ್ದರಿಂದ ಹೊಸದನ್ನು ಮಾಡಿದ್ದೇವೆ. ದುಂಡವ್ವ ಒಂದೇ ಷರತ್ತು ಹಾಕಿದಳು: “ಈ ಸಲ ಯಾರ ಹೆಸರೂ ಬ್ಯಾಡ. ನನಗ ವಯಸ್ಸಾತು, ಇನ್ನೊಂದು ಸಂಸಾರ ಹೊರಾಕ ಆಗಂಗಿಲ್ಲ.”

ಇನ್ನೂ ತಮ್ಮ ವಿಶ್ವಾಸಿಯಾಗಿಯೇ ಉಳಿಯಲು ಹೆಣಗುತ್ತಿರುವ,
ಸಿದ್ದಲಿಂಗವ್ವ
ಕೆಳಗಿನ ಓಣಿಯ ಅಕ್ಕನ ಬಳಗದ ಪರವಾಗಿ

ತಾ.ಕ.: ಹೊಸ ಪಾಸ್‌ವರ್ಡ್ ಹಾಕಿದ ಕೂಡಲೇ, ‘ಇದನ್ನು ನಾನು ನೆನಪಿಟ್ಟುಕೊಳ್ಳಲೇ?’ ಎಂದು ತಾವು ವಿನಯದಿಂದ ಕೇಳಿದಿರಿ. ಬೇಡ ಎಂದು ಒತ್ತಿದ್ದಕ್ಕೆ ಬೇಸರ ಮಾಡಿಕೊಳ್ಳಬಾರದು. ತಮ್ಮ ನೆನಪಿನ ಬಗ್ಗೆ ನಮ್ಮದು ಎಂದೂ ತಕರಾರು ಇರಲಿಲ್ಲ, ಸಾಹೇಬರೇ. ಇದ್ದದ್ದು ತಮ್ಮ ಬಾಯಿಯ ಬಗ್ಗೆ.